ಟವೆಲ್ಲಿನ ಕೆಳಗಿನ ಮಾತು

ತೀರಿಕೊಂಡ ಸಾವುಕಾರರನ್ನು ಕೂಡ್ರಿಸಿದ್ದ ಪಡಸಾಲೆಯಲ್ಲಿ ಎಲ್ಲವೂ ಇತ್ತು, ಅವರ ಟವೆಲ್ ಒಂದನ್ನು ಬಿಟ್ಟು. ಹಣೆ ತುಂಬ ವಿಭೂತಿ, ಕೊರಳಿಗೆ ಹಾರ, ಪಕ್ಕದಲ್ಲಿ ಊದುಬತ್ತಿ. ಹೆಗಲು ಮಾತ್ರ ಖಾಲಿ. ದಾವಣಗೆರೆಯಿಂದ ಬಂದ ಮಂಡಿಯವರಿಗೆಲ್ಲ ಅದೇ ಕಣ್ಣಿಗೆ ಬೀಳುತ್ತಿತ್ತು. ಕಡೆಗೆ ಅವರ ಅಳಿಯ ಹರಿಹರದ ಪೇಟೆಗೆ ಹೋಗಿ ಹೊಸದೊಂದು ತಂದು ಹಾಕಿದರು. ಮಡಿಕೆ ಮುರಿಯದ ಆ ಟವೆಲ್ ಮದುವೆಮನೆಯ ಉಡುಗೊರೆಯಂತೆ ಕಾಣುತ್ತಿತ್ತು. ಹಳೆಯದು ಎಲ್ಲಿದೆ ಎಂದು ಅಲ್ಲಿದ್ದವರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ನಾನು ಹೇಳಲಿಲ್ಲ. ಹೇಳಬೇಕಾದಾಗ ಸುಮ್ಮನಿರುವುದು ನನಗೆ ಹೊಸದೇನಲ್ಲ.

ಅವರ ಬ್ಯಾಂಕಿನಲ್ಲಿ ನಾನು ಮೂವತ್ತು ವರ್ಷ ದುಡಿದೆ. ಅವರ ಬ್ಯಾಂಕು ಎಂದರೆ ಸ್ವಂತದ್ದಲ್ಲ, ಸಹಕಾರಿ ಬ್ಯಾಂಕು, ಅವರು ಅದರ ಅಧ್ಯಕ್ಷರು. ಆದರೆ ಅದರ ಪೂರ್ತಿ ಹೆಸರನ್ನು ಬೋರ್ಡು ಬರೆದ ಪೇಂಟರ್ ಒಬ್ಬನನ್ನು ಬಿಟ್ಟು ಇನ್ಯಾರೂ ಓದಿದಂತಿರಲಿಲ್ಲ. ಆಟೋದವರಿಗೂ ಅದು ‘ಸಾವ್ಕಾರ್ರ ಬ್ಯಾಂಕು’. ಸಾವುಕಾರರ ಮನೆ ಹರಿಹರದಲ್ಲಿ, ದಲಾಲಿ ಅಂಗಡಿಯೂ ಬ್ಯಾಂಕಿನ ಮುಖ್ಯ ಶಾಖೆಯೂ ದಾವಣಗೆರೆಯಲ್ಲಿ. ದಿನಾ ಬೆಳಿಗ್ಗೆ ಬಸ್ಸಿಗೆ ಬಂದು ಸಂಜೆ ಬಸ್ಸಿಗೇ ಹೋಗುವರು. ಕಾರು ಕೊಂಡ ಮೇಲೂ ಎಷ್ಟೋ ದಿನ ಬಸ್ಸಿನಲ್ಲೇ ಓಡಾಡಿದರು. ಬಸ್ಸಿನಲ್ಲಿ ಕೂತರೆ ಯಾವ ಊರಲ್ಲಿ ಯಾವ ಬೆಳೆ ಹೇಗಿದೆ ಎಂದು ಕೇಳದೆಯೇ ಗೊತ್ತಾಗುತ್ತದೆ, ಕಾರಿನಲ್ಲಿ ಡ್ರೈವರನ ಮನೆ ಕಷ್ಟ ಒಂದೇ ಗೊತ್ತಾಗುವುದು ಎನ್ನುತ್ತಿದ್ದರು.

ಮೆಕ್ಕೆಜೋಳದ ರಾಶಿಯ ಮುಂದೆ ಅವರು ನಿಲ್ಲುವ ರೀತಿ ಬೇರೆ. ಮೊದಲು ನೋಡುವುದಿಲ್ಲ, ಮೂಸುತ್ತಾರೆ. ಆಮೇಲೆ ಒಂದು ಕಾಳು ಹಲ್ಲಿಗಿಟ್ಟು ಕಡಿಯುತ್ತಾರೆ. ಆ ಕಟಕ್ ಶಬ್ದದ ಮೇಲೆ ರೈತನ ಮುಖ ಅರಳಬೇಕು ಇಲ್ಲ ಬಾಡಬೇಕು. ಬ್ಯಾಂಕಿನಲ್ಲಿ ಸಾಲ ಕೇಳಲು ಬಂದವರನ್ನೂ ಹೀಗೆಯೇ ನೋಡುತ್ತಿದ್ದರು. ಅರ್ಜಿ ಆಮೇಲೆ. ಮೊದಲು ಕುಡಿಯಲು ನೀರು ತರಿಸುವರು. ಲೋಟವನ್ನು ಎಲ್ಲೆಂದರಲ್ಲಿ ಇಟ್ಟುಬಿಟ್ಟವನ ಅರ್ಜಿ ಕೆಳಗೆ ಹೋಗುತ್ತಿತ್ತು, ಎದ್ದು ಹೋಗಿ ತೊಳೆದಿಟ್ಟವನದ್ದು ಮೇಲೆ ಬರುತ್ತಿತ್ತು. ರಿಸರ್ವ್ ಬ್ಯಾಂಕಿನವರಿಗೆ ಗೊತ್ತಾದರೆ ಏನಾದೀತು ಸಾವ್ಕಾರ್ರೆ ಎಂದು ಒಮ್ಮೆ ನಾನು ತಮಾಷೆ ಮಾಡಿದ್ದೆ. ಅವರಿಗೂ ಒಂದು ಲೋಟ ನೀರು ಕೊಟ್ಟು ನೋಡೋಣ ಬಿಡು ಎಂದಿದ್ದರು.

ಟವೆಲ್ಲಿನ ವಿಷಯಕ್ಕೆ ಬರುತ್ತೇನೆ. ಹಳೆಯ ಮಂಡಿಯಲ್ಲಿ ದರವನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಕೊಳ್ಳುವವನೂ ಮಾರುವವನೂ ಕೈಗೆ ಕೈ ಕೂಡಿಸಿ ಮೇಲೆ ಟವೆಲ್ ಮುಚ್ಚಿಕೊಳ್ಳುವರು. ಒಳಗೆ ಬೆರಳು ಹಿಡಿದು, ಬಿಟ್ಟು, ಮಡಿಸಿ ದರ ಆಡುವರು. ಸುತ್ತ ನಿಂತವರಿಗೆ ಕಾಣುವುದು ಬಟ್ಟೆಯ ಅಲುಗಾಟವಷ್ಟೆ. ಒಪ್ಪಿಗೆಯಾದರೆ ಇಡೀ ಮುಷ್ಟಿಯನ್ನು ಒಮ್ಮೆ ಅದುಮುವರು. ಅಲ್ಲಿಗೆ ಮುಗಿಯಿತು, ಬ್ರಹ್ಮ ಬಂದರೂ ಆ ಮಾತು ಬದಲಾಗದು. ಸಾವುಕಾರರ ಬಲಗೈ ಕಿರುಬೆರಳು ಎಳೆ ವಯಸ್ಸಿನಲ್ಲಿ ತಕ್ಕಡಿಯ ಸರಪಳಿಗೆ ಸಿಕ್ಕು ಅರ್ಧ ಹೋಗಿತ್ತು. ಅವರ ಕೈಯಲ್ಲಿ ಆಡಿದ ದರ ಯಾವಾಗಲೂ ಅರ್ಧ ಕಮ್ಮಿ ಎಂದು ಮಂಡಿಯಲ್ಲಿ ನಗಾಡುತ್ತಿದ್ದರು. ಆದರೆ ಅವರ ಟವೆಲ್ ಮಾತು ತಪ್ಪಿತು ಎಂದವರನ್ನು ನಾನು ನೋಡಿಲ್ಲ.

ಮಂಡಿಯಲ್ಲಿ ಆ ಪದ್ಧತಿ ಯಾವಾಗಲೋ ಹೋಯಿತು, ಸಾವುಕಾರರಿಂದ ಹೋಗಲಿಲ್ಲ. ಬ್ಯಾಂಕಿನ ಕುರ್ಚಿಯಲ್ಲಿ ಕೂತು ಸಾಲ ಮಂಜೂರು ಮಾಡುವಾಗಲೂ ಸಹಿ ಆಮೇಲೆ, ಮೊದಲು ಟವೆಲ್. ಮೇಜಿನ ಮೇಲಿಂದ ಕೈ ಚಾಚಿ, ಮುಚ್ಚಿ, ಅದುಮುವರು. ದೊಡ್ಡ ದೊಡ್ಡ ಗಂಡಸರು ಆ ಒಂದು ಅದುಮುವಿಕೆಗೆ ಕಣ್ಣು ತುಂಬಿಕೊಂಡು ಹೋದದ್ದನ್ನು ನಾನು ಕೌಂಟರಿನಿಂದ ನೋಡಿದ್ದೇನೆ.

ಗಂಡಸರು ಎಂದೆ. ಅದನ್ನು ನಾನು ಬರೆಯುವಾಗ ಗಮನಿಸುತ್ತಿದ್ದೇನೆ, ಆಗ ಗಮನಿಸಿರಲಿಲ್ಲ. ಹೆಂಗಸರ ಕೈ ಅವರು ಹಿಡಿಯುತ್ತಿರಲಿಲ್ಲ. ಪರ ಹೆಣ್ಣುಮಕ್ಕಳ ಕೈ ಮುಟ್ಟಬಾರದು ಎಂಬುದು ಅವರ ಮರ್ಯಾದೆ, ಪೇಟೆಯ ಮರ್ಯಾದೆಯೂ ಅದೇ. ಹೆಂಗಸರಿಗೆ ಬಾಯಲ್ಲಿ ಹೇಳುವರು, ಅಷ್ಟೆ. ಬಹಳ ಗೌರವದಿಂದಲೇ ಹೇಳುವರು.

ನಾನು ಹರಿಹರದ ಶಾಖೆಯಲ್ಲಿದ್ದಾಗ ಒಂದು ಸಲ ಬ್ಯಾಂಕು ಮುಳುಗುತ್ತದೆ ಎಂದು ಪುಕಾರು ಹಬ್ಬಿತು. ಬೆಳಿಗ್ಗೆ ನಾನು ಬರುವ ಹೊತ್ತಿಗೆ ರಸ್ತೆಯ ಆಚೆವರೆಗೆ ಜನ. ಪಾಸ್‌ಬುಕ್ಕು ಹಿಡಿದ ಹಮಾಲರು, ಗುತ್ತೂರಿನ ಫ್ಯಾಕ್ಟರಿ ಕೆಲಸದವರು, ಬುರ್ಖಾ ಹಾಕಿದ ಬೀಡಿ ಕಟ್ಟುವ ಹೆಂಗಸರು, ಎಲ್ಲರೂ. ಸಾವುಕಾರರು ಒಳಗೆ ಬರಲಿಲ್ಲ. ಮೆಟ್ಟಿಲ ಮೇಲೆ ಕೂತು ಟವೆಲ್ ಬಿಚ್ಚಿದರು. ಒಬ್ಬೊಬ್ಬ ಗಂಡಸನ್ನೂ ಕರೆದು ಕೈ ಹಿಡಿದು ಅದುಮಿ ಕಳಿಸುತ್ತ ಕೂತರು. ಆದರೆ ಜನ ಕರಗುವುದಕ್ಕಿಂತ ಸೇರುವುದೇ ಹೆಚ್ಚಾಗಿತ್ತು. ಹೆಂಗಸರ ಸಾಲು ಪಕ್ಕದಲ್ಲಿ ಸುಮ್ಮನೆ ನಿಂತಿತ್ತು. ಸಾವುಕಾರರು ಆ ಕಡೆ ತಿರುಗಿ, ನಿಮ್ಮ ಗಂಟು ಎಲ್ಲಿಗೂ ಹೋಗಲ್ಲ, ಮನೆಗೆ ನಡೀರಿ ಎಂದರು.  ಮೊದಲು ಹನುಮಕ್ಕ ಎಂಬಾಕೆ ಪಾಸ್‌ಬುಕ್ಕನ್ನು ಸೆರಗಿಗೆ ಕಟ್ಟಿಕೊಂಡು, ಸಾವ್ಕಾರ್ರು ಹೇಳಿದ ಮೇಲೆ ಇನ್ನೇನೈತೆ ಎಂದು ಹೊರಟಳು. ಅವಳ ಹಿಂದೆ ಹೆಂಗಸರು ಹೊರಟರು, ಅವರ ಹಿಂದೆ ಗಂಡಸರು ನಾಚಿಕೆಪಟ್ಟು ಹೊರಟರು. ಬ್ಯಾಂಕು ಉಳಿದದ್ದು ಟವೆಲ್ಲಿನಿಂದ ಎಂದು ಆಮೇಲೆ ಎಲ್ಲರೂ ಹೇಳಿಕೊಂಡರು. ನಾನೂ ಹಾಗೇ ಹೇಳುತ್ತಿದ್ದೆ.

ಈ ಹನುಮಕ್ಕ ಎಳೆ ಪ್ರಾಯದಲ್ಲಿ ಅವರ ದಲಾಲಿ ಅಂಗಡಿಯ ಮುಂದೆ ಕಾಳು ಹಸನು ಮಾಡಲು ಬರುತ್ತಿದ್ದವಳು. ಗಂಡ ತೀರಿಕೊಂಡ ಮೇಲೆ ತವರಿಗೆ ಹರಿಹರಕ್ಕೆ ಬಂದು ಸೊಪ್ಪು ಮಾರಲು ಕೂತಳು. ಸ್ಟೇಷನ್ ಕಡೆಗೆ ಹೋಗುವ ದಾರಿಯಲ್ಲಿ ಹಾಳು ಬಿದ್ದ ಗೋದಾಮಿನದೊಂದು ಜಾಗ, ಅದರ ಗೋಡೆಗೆ ಹತ್ತಿಕೊಂಡು ದೊಡ್ಡ ಹುಣಸೆಮರ. ಅದರ ನೆರಳಲ್ಲಿ ಹನುಮಕ್ಕನೂ ಸೇರಿ ಹನ್ನೊಂದು ಜನ ಹೆಂಗಸರು ಗೋಣಿತಾಟು ಹಾಸಿಕೊಂಡು ಕೂರುತ್ತಿದ್ದರು. ರೈಲಿಳಿದವರು, ಫ್ಯಾಕ್ಟರಿ ಬಿಟ್ಟವರು ಅಲ್ಲೇ ಹಾದು ಹೋಗಬೇಕು. ನಾನು ಹರಿಹರದ ಶಾಖೆಗೆ ವರ್ಗವಾಗಿ ಬಂದ ಮೇಲೆ ಸಂಜೆ ದಾವಣಗೆರೆಗೆ ಮರಳುವ ಮುನ್ನ ಅಲ್ಲಿಯೇ ಸೊಪ್ಪು ಕೊಳ್ಳುತ್ತಿದ್ದೆ. ಬಾ ತಂಗಿ ಎಂದು ಹನುಮಕ್ಕ ಕರೆಯುವಳು. ಹಿಡಿ ಮೆಂತ್ಯೆ ಜಾಸ್ತಿ ಹಾಕುವಳು. ಸಂಜೆ ಅವಳ ದಿನದ ಪಿಗ್ಮಿ ದುಡ್ಡು ಕಟ್ಟಿಸಿಕೊಳ್ಳಲು ಬ್ಯಾಂಕಿನಿಂದ ಬರುವವನು ಬಾರದ ದಿನ ನನ್ನ ಕೈಯಲ್ಲೇ ಕೊಟ್ಟು ಕಳಿಸುವಳು, ಚೀಟಿ ಕೇಳುತ್ತಿರಲಿಲ್ಲ.

ಸಾವುಕಾರರನ್ನು ರಾಜಕೀಯಕ್ಕೆ ಎಳೆದವರು ಬೇರೆಯವರು. ಹರಿಹರದ ಅವರ ಓಣಿಯಿಂದ ನಗರಸಭೆಯ ಮೆಂಬರ್ ಸ್ಥಾನಕ್ಕೆ ನಿಲ್ಲಿ ಎಂದು ಪಕ್ಷದವರು ವರ್ಷವೆಲ್ಲ ಬೆನ್ನು ಹತ್ತಿದರು. ನಿಂತರು. ಮೈಕು ಕಂಡರೆ ಕಾದ ಬಾಣಲೆ ಕಂಡಂತೆ ಹೆದರುವ ಮನುಷ್ಯ. ಭಾಷಣದ ಬದಲು ಮನೆಮನೆಗೆ ಹೋಗಿ ಗಂಡಸರ ಕೈ ಹಿಡಿದು ಬಂದರು. ನಾನು ಬರೆಯಬೇಕಾದ ಎರಡು ದೃಶ್ಯಗಳು ಇಲ್ಲಿವೆ, ಎರಡರಲ್ಲೂ ನಾನಿದ್ದೆ.

ಮೊದಲನೆಯದು ಶಾಖೆಯ ಹಿಂದಿನ ಕೋಣೆಯಲ್ಲಿ. ಆ ಹಾಳು ಗೋದಾಮಿನ ಜಾಗ ನಾಲ್ವರು ವರ್ತಕರ ಪಾಲಿನದು. ಅಲ್ಲೊಂದು ಕಾಂಪ್ಲೆಕ್ಸ್ ಕಟ್ಟುವುದು, ನೆಲಮಹಡಿಯಲ್ಲಿ ನಮ್ಮ ಶಾಖೆ, ಮೇಲೆ ಅಂಗಡಿಗಳು. ಜಾಗ ತೆರವು ಮಾಡಿಸುವುದು ಸಾವುಕಾರರ ಹೊಣೆ, ಚುನಾವಣೆಯ ಖರ್ಚು ಆ ನಾಲ್ವರದು. ನಕ್ಷೆಯ ಫೈಲು ತಂದುಕೊಡಲು ನಾನು ಒಳಗೆ ಹೋದಾಗ ಟವೆಲ್ ಬಿಚ್ಚಿತ್ತು. ನಾಲ್ಕು ಸಲ ಮುಚ್ಚಿತು, ನಾಲ್ಕು ಸಲ ಅದುಮಿದರು. ನಾನು ಹೊರಡುವಾಗ ಸಾವುಕಾರರು ನನ್ನನ್ನು ತೋರಿಸಿ, ಹೊಸ ಶಾಖೆಗೆ ಮ್ಯಾನೇಜರು ಈ ನಮ್ಮವ್ವನೇ ಎಂದರು. ನನಗೆ ನೆಲ ಸಿಕ್ಕಂತಾಯಿತು. ನನ್ನ ಮನೆಯವರಿಗೆ ಮಿಲ್ಲಿನ ಕೆಲಸ ಹೋಗಿ ಮೂರು ವರ್ಷವಾಗಿತ್ತು.

ಎರಡನೆಯದು ಅದಾಗಿ ಒಂದು ವಾರಕ್ಕೆ, ಹುಣಸೆಮರದ ಕೆಳಗೆ. ನಾನು ಸೊಪ್ಪು ಆರಿಸುತ್ತಿದ್ದೆ. ಸಾವುಕಾರರು ಕಾರ್ಯಕರ್ತರ ಜೊತೆ ಬಂದು ಹೆಂಗಸರ ಮುಂದೆ ಕೈ ಮುಗಿದರು. ಹನುಮಕ್ಕ ಕೇಳಿದ್ದು ಒಂದೇ ಮಾತು, ಇಲ್ಲಿ ಕಟ್ಟಡ ಬರ್ತೈತೆ ಅಂತಾರಲ್ರಿ, ನಮ್ಮನ್ನ ಎಬ್ಬಿಸ್ತೀರೇನು ಎಂದು.

“ನಾನಿರೋತನಕ ನಿಮ್ಮನ್ನ ಇಲ್ಲಿಂದ ಯಾರೂ ಎಬ್ಬಿಸಂಗಿಲ್ಲ, ಹನುಮಕ್ಕ,” ಎಂದರು ಸಾವುಕಾರರು.

ಅವರ ಕಣ್ಣು ಒಂದು ಗಳಿಗೆ ನನ್ನ ಮೇಲೆ ಬಂದು ಹೋಯಿತು. ನಾನು ಕೊತ್ತಂಬರಿಯ ಬೇರು ಮುರಿಯುತ್ತ ಕೂತೆ. ಅವರು ಹೋದ ಮೇಲೆ ಹನುಮಕ್ಕ ನನ್ನನ್ನೇ ಕೇಳಿದಳು, ನೀನು ಬ್ಯಾಂಕಿನಾಗೆ ಇರಾಕಿ, ನಂಬಬಹುದಲ್ಲಾ ತಂಗಿ ಎಂದು. ಸಾವ್ಕಾರ್ರು ಹೇಳಿದ ಮೇಲೆ ಇನ್ನೇನೈತೆ ಎಂದೆ. ಅವಳದೇ ಮಾತನ್ನು ಅವಳಿಗೇ ತಿರುಗಿಸಿ ಕೊಟ್ಟೆ. ಅವಳು ನಕ್ಕಳು.

ಆ ಹನ್ನೊಂದು ಹೆಂಗಸರು ಸಂಜೆ ವ್ಯಾಪಾರ ಬಿಟ್ಟು ಓಣಿ ಓಣಿ ತಿರುಗಿದರು. ಸಾವುಕಾರರು ಗೆದ್ದರು. ಮುಂದೆ ನಗರಸಭೆಯ ಅಧ್ಯಕ್ಷರೂ ಆದರು. ಮುಂದಿನ ಬೇಸಿಗೆಗೆ ಜೆಸಿಬಿ ಬಂತು. ಹುಣಸೆಮರ ಕಡಿಯಲು ಎರಡು ದಿನ ಬೇಕಾಯಿತು. ಹೆಂಗಸರಿಗೆ ಗುತ್ತೂರಿನ ದಾರಿಯಲ್ಲಿ, ಊರ ಹೊರಗೆ, ಬಿಸಿಲಲ್ಲಿ ಜಾಗ ತೋರಿಸಿದರು. ಐದಾರು ಜನ ವ್ಯಾಪಾರವನ್ನೇ ಬಿಟ್ಟು ಕೂಲಿಗೆ ಹೋದರು.

ಹನುಮಕ್ಕ ಬ್ಯಾಂಕಿಗೆ ಬಂದಳು. ಜಗಳಕ್ಕೆ ಬಂದಿರಬೇಕೆಂದು ಜವಾನ ತಡೆಯಲು ಹೋದ, ಸಾವುಕಾರರೇ ಬಿಡು ಎಂದರು. ಅವಳು ಕಿರುಚಲಿಲ್ಲ. ನೀವು ಹೇಳಿದ್ರಿ ಎಂದಳಷ್ಟೆ. ಸಾವುಕಾರರು ಸುಳ್ಳು ಹೇಳಿ ಕಳಿಸಬಹುದಿತ್ತು. ಪಕ್ಷದ ಮೇಲೆ, ಮೇಲಿನವರ ಮೇಲೆ ಹಾಕಬಹುದಿತ್ತು. ಅವರು ತಾವು ನಂಬಿದ್ದನ್ನೇ ಹೇಳಿದರು.

“ಆ ನಾಕು ಮಂದಿಗೆ ಟವೆಲ್ ಹಾಕಿ ಮಾತು ಆಡಿದ್ದೆ ಹನುಮಕ್ಕ. ಅದನ್ನ ಹೆಂಗೆ ಮುರೀಲಿ? ನಿಮಗೆ ಹೇಳಿದ್ದು ಬಾಯಿ ಮಾತು.”

 ಅವಳು ಮೇಜಿನ ಮೇಲೆ ತನ್ನ ಬಲಗೈ ಚಾಚಿದಳು. ಸೊಪ್ಪಿನ ಕಲೆ ಹತ್ತಿದ, ಉಗುರು ಸವೆದ ಕೈ.

“ಹಂಗಾರೆ ನನಗೂ ಟವೆಲ್ ಹಾಕ್ರಿ.”

ಸಾವುಕಾರರು ಮೇಜಿನ ಮೇಲಿದ್ದ ಕೈಯನ್ನು ತೊಡೆಯ ಮೇಲಕ್ಕೆ ಎಳೆದುಕೊಂಡರು. ಅದು ಸಿಟ್ಟಿನಿಂದಲ್ಲ, ಗಾಬರಿಯಿಂದ. ಹನುಮಕ್ಕ ಚಾಚಿದ ಕೈಯನ್ನು ಹಾಗೇ ತಿರುಗಿಸಿ ನನ್ನ ಕೌಂಟರಿನ ಕಡೆ ತೋರಿಸಿ, ಲೆಕ್ಕ ಮುಗಿಸಿಕೊಡಿ ಎಂದಳು. ಅವಳ ಖಾತೆಯನ್ನು ಮುಚ್ಚಿದವಳು ನಾನೇ. ಹೆಬ್ಬೆಟ್ಟು ಒತ್ತಿಸಿಕೊಳ್ಳುವಾಗ ಅವಳ ಕೈ ನನ್ನ ಕೈಯಲ್ಲಿತ್ತು. ಬರ್ತೀನಿ ಮೇಡಮ್ಮಾರೆ ಎಂದು ಹೊರಟಳು. ತಂಗಿ ಎನ್ನಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಸಾವುಕಾರರ ಮಟ್ಟಿಗೆ ಅವರು ಒಡೆದದ್ದು ಮುತ್ತೇ ಅಲ್ಲ. ಇದನ್ನು ನಾನು ಕುಹಕಕ್ಕೆ ಹೇಳುತ್ತಿಲ್ಲ. ಅವರಷ್ಟು ಪ್ರಾಮಾಣಿಕರನ್ನು ನಾನು ಮತ್ತೆ ಕಂಡಿಲ್ಲ. ಒಂದು ಕಾಳಿನ ತೂಕದಲ್ಲಿ ಮೋಸ ಮಾಡದ ಮನುಷ್ಯ ಹನ್ನೊಂದು ಹೆಂಗಸರ ನೆರಳು ಕಿತ್ತುಕೊಂಡು, ತಾನು ಮಾತು ಉಳಿಸಿಕೊಂಡೆ ಎಂದು ನಂಬಿದ್ದರು. ನನಗೆ ಹೇಳಿದ್ದೂ ಬಾಯಿ ಮಾತೇ ಆಗಿತ್ತು, ಆದರೆ ಅದನ್ನು ನಡೆಸಿಕೊಟ್ಟರು. ಯಾಕೆ ಎಂದು ನಾನು ಕೇಳಲಿಲ್ಲ. ಮರದ ಕೆಳಗೆ ನಾನು ಬಾಯಿ ಬಿಡದೆ ಕೂತದ್ದಕ್ಕೆ ಸಿಕ್ಕಿದ್ದು ಆ ಕುರ್ಚಿ ಎಂಬ ಅನುಮಾನ ನನಗೆ ಆಗಲೂ ಇತ್ತು, ಈಗಲೂ ಇದೆ. ಹೊಸ ಕಟ್ಟಡದಲ್ಲಿ ಮ್ಯಾನೇಜರಾಗಿ ಎಂಟು ವರ್ಷ ಕೂತೆ. ಫ್ಯಾನಿನ ಗಾಳಿ ಚೆನ್ನಾಗಿತ್ತು.

ಸಾವುಕಾರರು ಮಾತ್ರ ಆ ಕಟ್ಟಡಕ್ಕೆ ಬರುವುದನ್ನು ಕಡಿಮೆ ಮಾಡಿದರು. ಬಂದರೂ ಮೆಟ್ಟಿಲು ಹತ್ತದೆ, ಸ್ಕೂಟರ್ ನಿಲ್ಲಿಸುವ ಜಾಗದಲ್ಲಿ, ಮರ ಇದ್ದಲ್ಲಿ ನಿಂತು ಜವಾನನ ಕೈಲಿ ಕಾಗದ ಕಳಿಸುವರು. ಎರಡನೇ ಸಲ ಚುನಾವಣೆಗೆ ನಿಲ್ಲಿ ಎಂದಾಗ ಒಲ್ಲೆ ಎಂದರು. ಆ ನಾಲ್ವರಲ್ಲಿ ಇಬ್ಬರು ಮುಂದೆ ಅವರ ವಿರುದ್ಧವೇ ಗುಂಪು ಕಟ್ಟಿ ಅವರನ್ನು ಆಡಳಿತ ಮಂಡಳಿಯಿಂದ ಇಳಿಸಿದರು. ಟವೆಲ್ಲಿನೊಳಗೆ ಅದುಮಿದ ಕೈಗಳೇ ಅವು.  ಸಾವುಕಾರರ ಮಾತು ಕಮ್ಮಿಯಾಯಿತು. ಮನೆಯಲ್ಲಿ ಊಟದ ತಟ್ಟೆಯ ಮುಂದೆ ಕೂತು ಕೈ ನೋಡಿಕೊಳ್ಳುತ್ತಿರುತ್ತಾರೆ ಎಂದು ಅವರ ಮಗಳು ಒಮ್ಮೆ ಹೇಳಿ ಅತ್ತಳು.

ನಾನು ನಿವೃತ್ತಳಾದ ಮೇಲೆ, ಹೋದ ವರ್ಷ, ಅವರಿಂದ ಫೋನು ಬಂತು. ಹನುಮಕ್ಕ ಎಲ್ಲಿ ಕೂರುತ್ತಾಳೆ, ನನ್ನ ಕರಕಂಡು ಹೋಗವ್ವ ಎಂದರು. ಆಟೋದಲ್ಲಿ ಹೋದೆವು. ಗುತ್ತೂರಿನ ದಾರಿಯ ಪಕ್ಕ, ನೀಲಿ ತಾಡಪಾಲಿನ ಕೆಳಗೆ ಹನುಮಕ್ಕ ಕೂತಿದ್ದಳು. ಕೂದಲೆಲ್ಲ ಬೆಳ್ಳಗಾಗಿತ್ತು. ಸೊಪ್ಪಿನ ಪಕ್ಕದಲ್ಲಿ ಫೋನಿಂದ ದುಡ್ಡು ಹಾಕುವ ಚೌಕದ ಹಲಗೆ. ಬರ್ರಿ, ಕೂಡ್ರಿ ಎಂದು ಒಂದು ಗೋಣಿಚೀಲ ಕೊಡವಿ ಹಾಕಿದಳು. ಎಂಬತ್ತು ದಾಟಿದ ಸಾವುಕಾರರು ಮೊಣಕಾಲು ಹಿಡಿದುಕೊಂಡು ಅದರ ಮೇಲೆ ಕೂತರು. ಸ್ವಲ್ಪ ಹೊತ್ತು ಮೆಂತ್ಯೆಯ ದರ ಕೇಳಿದರು, ಬೆಲೆ ಕೇಳಿ ತಲೆದೂಗಿದರು. ಆಮೇಲೆ ಹೆಗಲಿನ ಟವೆಲ್ ತೆಗೆದು ಬಲಗೈಗೆ ಹೊದಿಸಿ, ಆ ಕೈಯನ್ನು ಅವಳ ಮುಂದೆ ಚಾಚಿದರು. 

“ಕೊಡಾಕೆ ಈಗ ನನ್ನ ಹತ್ರ ಏನೂ ಇಲ್ಲ ಹನುಮಕ್ಕ. ತಪ್ಪಾತು ಅಂತ ಹೇಳಾಕೆ ಬಂದೀನಿ. ಹಿಡಿ.”

ರಸ್ತೆಯಲ್ಲಿ ಒಂದು ಲಾರಿ ಹೋಯಿತು, ಧೂಳು ಎದ್ದು ಕೂತಿತು. ಹನುಮಕ್ಕ ಆ ಟವೆಲ್ಲನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಅದಿದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

“ಬ್ಯಾಡ್ರಿ ಸಾವ್ಕಾರ್ರೆ,” ಎಂದಳು. “ನಾನು ನಂಬಿದ್ದು ನಿಮ್ಮ ಬಾಯಿನ. ಈಗ ಈ ಕೈ ತಗಂಡು ಏನ್ ಮಾಡ್ಲಿ?”

ಅವರು ಎಷ್ಟೋ ಹೊತ್ತು ಕೈ ಹಾಗೇ ಇಟ್ಟುಕೊಂಡಿದ್ದರು. ಕಡೆಗೆ ನಾನೇ ರಟ್ಟೆ ಹಿಡಿದು ಎಬ್ಬಿಸಿದೆ. ಟವೆಲ್ ಜಾರಿ ಗೋಣಿಚೀಲದ ಮೇಲೆ ಬಿತ್ತು. ಬಗ್ಗಿ ಎತ್ತಿಕೊಡಲು ಹೋದರೆ ಬ್ಯಾಡ ಬಿಡವ್ವ ಎಂದರು.  ಮನೆ ಮುಂದೆ ಆಟೋ ಇಳಿಯುವಾಗ, ಆಕಿ ಹೇಳಿದ್ದು ಖರೆ ಐತೆ ಎಂದರು. ಅಲ್ಲಿಂದ ಮುಂದೆ ಅವರು ಹೆಗಲಿಗೆ ಟವೆಲ್ ಹಾಕಿಕೊಳ್ಳಲಿಲ್ಲವಂತೆ. ಮನೆಯವರು ಮರೆವು ಎಂದುಕೊಂಡರು.

ಮಣ್ಣು ಮುಗಿಸಿಕೊಂಡು ಬರುವಾಗ ನಾನು ಆಟೋದವನಿಗೆ ಗುತ್ತೂರಿನ ದಾರಿ ಹಿಡಿಯಲು ಹೇಳಿದೆ. ಹನುಮಕ್ಕ ಕೂತಿದ್ದಳು. ಮುಂದೆ ಬುಟ್ಟಿಯಲ್ಲಿ ಕೊತ್ತಂಬರಿ ಸೊಪ್ಪು, ಬಾಡದಂತೆ ಮೇಲೆ ಒದ್ದೆ ಬಟ್ಟೆ. ಅದು ಅದೇ ಟವೆಲ್. ಕೆಂಪು ಅಂಚು ಮಾಸಿ ಮಣ್ಣಿನ ಬಣ್ಣಕ್ಕೆ ಬಂದಿತ್ತು. ಊರ ಅರ್ಧ ವ್ಯಾಪಾರವನ್ನು ಮುಚ್ಚಿಕೊಂಡಿದ್ದ ಬಟ್ಟೆ ಈಗ ನಾಲ್ಕು ಕಟ್ಟು ಸೊಪ್ಪನ್ನು ತಣ್ಣಗೆ ಇಟ್ಟಿತ್ತು. ಅದನ್ನು ನೋಡಿ ನನಗೆ ಅಳು ಬಂತು. ಪಡಸಾಲೆಯಲ್ಲಿ ಅವರ ಮುಂದೆ ಬಾರದ ಅಳು ಅಲ್ಲಿ ಬಂತು.

ಸಾವುಕಾರರು ಹೋದದ್ದು ಅವಳಿಗೆ ಬೆಳಿಗ್ಗೆಯೇ ಗೊತ್ತಾಗಿತ್ತು. ಬರಬೇಕೆಂದು ಎದ್ದು ಸೀರೆ ಬದಲಿಸಿ, ಮತ್ತೆ ಕೂತಳಂತೆ. ತಾನು ಅವತ್ತು ಕೈ ಹಿಡಿದಿದ್ದರೆ ಮುದುಕರು ನಿದ್ದೆ ಮಾಡ್ತಿದ್ದರೇನೋ ಎಂದು ಒಮ್ಮೊಮ್ಮೆ ಅನಿಸುತ್ತದೆ ಎಂದಳು. ಉಳಿದ ಹತ್ತು ಜನರನ್ನು ನೆನೆದಾಗ ಹಾಗೆ ಅನಿಸುವುದಿಲ್ಲ ಎಂದೂ ಹೇಳಿದಳು. ಬುಟ್ಟಿಯ ಮೇಲೆ ನೀರು ಚಿಮುಕಿಸಿದಳು.

ಇಷ್ಟು ವರ್ಷ ಮುಚ್ಚಿಟ್ಟುಕೊಂಡದ್ದನ್ನು ನಾನು ಆಗ ಹೇಳಿದೆ.

“ಹನುಮಕ್ಕ, ಅವರು ಮರದ ಕೆಳಗೆ ಬಂದು ಹೇಳೋಕೆ ಮೊದ್ಲೇ ನನಗೆ ಗೊತ್ತಿತ್ತು. ಆ ನಾಕು ಮಂದಿಗೆ ಟವೆಲ್ ಹಾಕಿದ್ದನ್ನ ನಾನು ನೋಡಿದ್ದೆ.”

ಅವಳು ಬುಟ್ಟಿಯ ಅಂಚಿನ ನೀರು ಒರೆಸಿದಳು.

“ಗೊತ್ತಿತ್ತು ಬಿಡ್ರಿ,” ಎಂದಳು. “ನೀವೂ ಹೊಟ್ಟೆಪಾಡಿನೋರು, ಮೇಡಮ್ಮಾರೆ.”

ಟವೆಲ್ಲಿನ ಅಂಚು ಎತ್ತಿ, ಒಳಗೆ ಕೈ ಹಾಕಿ, ಒಂದು ಕಟ್ಟು ಕೊತ್ತಂಬರಿ ತೆಗೆದಳು. ನಾನು ಕೈ ಚಾಚಿದೆ. ಅವಳು ಅದನ್ನು ನನ್ನ ಕೈಗೆ ಕೊಡಲಿಲ್ಲ. ಮೊಣಕೈಗೆ ನೇತಾಡುತ್ತಿದ್ದ ನನ್ನ ಚೀಲದೊಳಗೆ ಹಾಕಿ, ಉಳಿದ ಸೊಪ್ಪಿನ ಮೇಲೆ ಟವೆಲ್ ಸರಿಮಾಡಿ, ನನ್ನ ಹಿಂದೆ ನಿಂತಿದ್ದವರನ್ನು ಏನು ಬೇಕು ಎಂದು ಕೇಳಿದಳು.